ಕೊಕ್ಕೆಗಳೆಲ್ಲ ತುಂಬಿದ್ದವು

ವಯಸ್ಸಾದವರಿಗೆ ಊರು ತೋರಿಸುವ ಕೆಲಸದಲ್ಲಿ ದೊಡ್ಡ ತಲೆನೋವು ಮಂಡಿನೋವಲ್ಲ, ಬಿಸಿಲಲ್ಲ, ಗಳಿಗೆಗೊಮ್ಮೆ ಶೌಚಾಲಯ ಹುಡುಕುವುದೂ ಅಲ್ಲ. ಅವರನ್ನು ಎಣಿಸುವ ಹಾಗಿಲ್ಲ, ಅದೇ ತಲೆನೋವು. ಬೆರಳು ಮುಂದೆ ಮಾಡಿ ಒಂದು, ಎರಡು ಎಂದಿರೋ, ಮುಗಿಯಿತು ಕಥೆ. ಹಿಂದೊಮ್ಮೆ ಒಬ್ಬ ನಿವೃತ್ತ ಅಧಿಕಾರಿ "ನಾವೇನು ಕುರಿಗಳೇನಮ್ಮ, ಎಣಿಸಿ ದೊಡ್ಡಿಗೆ ಹಾಕೋಕೆ?" ಎಂದು ಮುಖ ಊದಿಸಿಕೊಂಡು, ನಡುದಾರಿಯಲ್ಲೇ ಬಾಡಿಗೆ ಕಾರು ಹಿಡಿದು ವಾಪಸು ಹೋಗಿಬಿಟ್ಟಿದ್ದರಂತೆ. ಅಂದಿನಿಂದ ಮೆಲ್ಲಗೆ ಮೇಡಂ ಜನರನ್ನು ಎಣಿಸುವುದು ಬಿಟ್ಟು ಸ್ಟೂಲುಗಳನ್ನು ನೋಡಿಕೊಳ್ಳುವುದು ರೂಢಿ ಮಾಡಿಕೊಂಡಿದ್ದಳು.

ಮೆಲ್ಲಗೆ ಮೇಡಂ ಎಂದರೆ ಹಳೆಯ ಕಟ್ಟಡಗಳ ನಡಿಗೆಗೆ ಕರೆದೊಯ್ಯುವವಳು. ಅವಳ ಸ್ವಂತ ಹೆಸರು ಯಾರಿಗೂ ಬೇಕಾಗಿರಲಿಲ್ಲ. "ಮೆಲ್ಲಗೆ, ಮೆಲ್ಲಗೆ, ಕಟ್ಟಡ ಎಲ್ಲೂ ಓಡಿಹೋಗಲ್ಲ" ಎನ್ನದೆ ಅವಳು ಯಾರಿಂದಲೂ ಒಂದು ಹೆಜ್ಜೆ ಇಡಿಸುತ್ತಿರಲಿಲ್ಲ. ಊರಲ್ಲೆಲ್ಲ ಮೆಟ್ಟಿಲಿಲ್ಲದ ಬಾಗಿಲುಗಳನ್ನೇ ಹುಡುಕಿ ಹುಡುಕಿ ದಾರಿ ಮಾಡಿಟ್ಟಿದ್ದಳು. ಕಟ್ಟಡದ ಮುಂದೆ ನಿಂತು ಯಾರೂ ಕಾಲು ನೋಯಿಸಿಕೊಳ್ಳಬಾರದೆಂದು ಪ್ರತಿಯೊಬ್ಬರಿಗೂ ಒಂದೊಂದು ಮಡಚುವ ಸ್ಟೂಲು. ವ್ಯಾನಿನ ಹಿಂಬಾಗಿಲಿನಲ್ಲಿ ಸಾಲಾಗಿ ಕೊಕ್ಕೆಗಳು. ಇಳಿಯುವಾಗ ಸ್ಟೂಲು ತೆಗೆದುಕೊಂಡು ಇಳಿಯಬೇಕು, ಹತ್ತುವಾಗ ಕೊಕ್ಕೆಗೆ ಹಾಕಿ ಹತ್ತಬೇಕು. ಕೊಕ್ಕೆಗಳೆಲ್ಲ ತುಂಬಿದವು ಎಂದರೆ ಜನರೆಲ್ಲ ಬಂದರು ಎಂದರ್ಥ. ಯಾರಿಗೂ ಅವಮಾನವಿಲ್ಲ, ಯಾರಿಗೂ ಸಿಟ್ಟಿಲ್ಲ. ಈ ಉಪಾಯದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ದಿನದ ಗುಂಪಿನಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ತಂಗಿಗೆ ಅರವತ್ತು ದಾಟಿತ್ತು, ಅಕ್ಕನಿಗೆ ಎಪ್ಪತ್ತೈದರ ಮೇಲೆ. ಅಕ್ಕ ಒಂದು ಕಾಲದಲ್ಲಿ ಶಾಲೆಯ ಡ್ರಾಯಿಂಗ್ ಟೀಚರ್. ಗೆರೆ ಸೊಟ್ಟಗಾದರೆ ಸ್ಕೇಲಿನ ಅಂಚಿನಿಂದ ಗೆಣ್ಣಿಗೆ ಕೊಡುವ ಪೈಕಿ. ತಾಯಿ ಹೋದಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವಳ ತಲೆ ಬಾಚಿದ್ದು, ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದ್ದು, ಫೀಸು ಕಟ್ಟಿ ಓದಿಸಿದ್ದು ಎಲ್ಲ ಅಕ್ಕನೇ. ಮದುವೆಯ ಮಾತು ಬಂದಾಗಲೆಲ್ಲ "ಪುಟ್ಟಿದು ಒಂದು ದಡ ಸೇರಲಿ" ಎಂದು ಅಕ್ಕ ಮುಂದೆ ಹಾಕಿದಳು, ಹಾಕುತ್ತ ಹಾಕುತ್ತ ಮಾತೇ ನಿಂತುಹೋಯಿತು. ಪುಟ್ಟಿಯೂ ದಡ ಸೇರಲಿಲ್ಲ, ಆ ಮಾತು ಬೇರೆ. ಹೀಗೆ ಇಬ್ಬರೂ ಒಂದೇ ಮನೆಯಲ್ಲಿ ಉಳಿದರು.

ಈಗ ಅಕ್ಕನಿಗೆ ಮರೆವು. ಕನ್ನಡಕ ಎಲ್ಲಿಟ್ಟೆ ಎನ್ನುವ ಮರೆವಲ್ಲ ಅದು. ಚಪ್ಪಲಿಯನ್ನು ಫ್ರಿಜ್ಜಿನಲ್ಲಿಡುವ, ಗ್ಯಾಸ್ ತಿರುಗಿಸಿ ಬೆಂಕಿಕಡ್ಡಿ ಗೀರದೆ ಹೋಗಿಬಿಡುವ, ನಸುಕಿನಲ್ಲೆದ್ದು ಚಿಲಕ ತೆಗೆದು ಬೀದಿಗಿಳಿಯುವ ಮರೆವು. ತಂಗಿ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಬಚ್ಚಲಿಗೆ ಹೋದರೂ ಬಾಗಿಲು ಅರ್ಧ ತೆರೆದಿಡಬೇಕು. ಎಲ್ಲಿಗೆ ಹೋಗುವುದಾದರೂ ಅಕ್ಕನನ್ನು ಒಂದು ಕಡೆ ನಿಲ್ಲಿಸಿ, "ಇಲ್ಲೇ ಇರು, ಅಲ್ಲಾಡಬೇಡ, ಬಂದೆ" ಎನ್ನಬೇಕು. ಉಳಿದದ್ದೆಲ್ಲ ಮರೆತರೂ ಅಕ್ಕ ಆ ಮಾತೊಂದನ್ನು ಮಾತ್ರ ಪಾಲಿಸುತ್ತಿದ್ದಳು, ತಂಗಿ ಬರುವ ತನಕ ನಿಂತೇ ಇರುತ್ತಿದ್ದಳು. ಟೀಚರಾಗಿದ್ದವಳಲ್ಲವೇ, ಹೇಳಿದ ಜಾಗದಲ್ಲಿ ನಿಲ್ಲಬೇಕೆಂಬುದು ರಕ್ತದಲ್ಲೇ ಸೇರಿತ್ತೋ ಏನೋ. ಈ ಗಲಾಟೆಯಲ್ಲಿ ತಂಗಿಯು ಒಂದು ಲೋಟ ಚಹಾವನ್ನು ಬಿಸಿಬಿಸಿಯಾಗಿ ಕೊನೆಯವರೆಗೆ ಕುಡಿದು ವರ್ಷಗಳೇ ಆಗಿದ್ದವು. ಅಷ್ಟು ಹೊತ್ತು ಕೂರಲು ಬಿಡುವವರು ಯಾರು?

ಇವರಿಬ್ಬರ ನಡುವೆ ಒಬ್ಬ ಅಣ್ಣ ಇದ್ದ. ಚಳಿಗಾಲದ ಮೂರು ತಿಂಗಳು ಅಕ್ಕನನ್ನು ತಾನು ಇಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದ. ತಂಗಿ ಆ ಮೂರು ತಿಂಗಳನ್ನು ಮನಸ್ಸಿನಲ್ಲೇ ಹಿಡಿದುಕೊಂಡು ದಿನ ನೂಕಿದ್ದಳು. ಅವಳೇನು ಲೋಕ ಸುತ್ತುವ ಯೋಚನೆ ಮಾಡಿರಲಿಲ್ಲ. ಬಾಗಿಲು ಹಾಕಿಕೊಂಡು ಮಲಗಬೇಕು, ಅಷ್ಟೇ. ದಿನ ಹತ್ತಿರ ಬಂದಾಗ ಅಣ್ಣನ ಫೋನು ಬಂತು. "ನಮ್ಮನೇಲಿ ಮೆಟ್ಟಿಲು ಜಾಸ್ತಿ ಕಣಮ್ಮ, ಅಕ್ಕ ಬಿದ್ದುಗಿದ್ದರೆ ಯಾರಿಗೆ ಬೇಕು ಹೇಳು." ಅವನೇ ಮುಂದುವರಿಸಿದ: "ನೀನೂ ದಣಿದಿದೀಯ. ಒಂದು ಪ್ರವಾಸ ಇದೆ, ವಯಸ್ಸಾದವರಿಗೇ ಅಂತ ಮಾಡಿರೋದು. ಒಂದೂ ಮೆಟ್ಟಿಲಿಲ್ಲವಂತೆ. ಅಕ್ಕಂಗೆ ಕಟ್ಟಡ ಅಂದ್ರೆ ಪ್ರಾಣ ತಾನೇ? ಇಬ್ಬರೂ ಹೋಗಿಬನ್ನಿ." ಅವನ ಮನೆಯಲ್ಲಿ ಮೆಟ್ಟಿಲು ಜಾಸ್ತಿ ಎಂದು ಅಕ್ಕನನ್ನು ಮೆಟ್ಟಿಲಿಲ್ಲದ ಊರಿಗೆ ಕಳಿಸುತ್ತಾನೆ, ಎಂಥಾ ಬುದ್ಧಿವಂತ ನೋಡಿ. ತಂಗಿ ಫೋನಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಅಕ್ಕ ಬಂದು "ಯಾರಮ್ಮ ನೀನು, ಯಾಕೆ ಅಳ್ತಿದೀಯ?" ಎಂದು ಕೇಳಿದಳು.

ಅಂತೂ ಬಂದರು. ಮಧ್ಯಾಹ್ನದ ಊಟ ಮುಗಿಸಿ ನಡಿಗೆ ಶುರುವಾಯಿತು. ಮೊದಲು ಹಳೆಯ ಮಾರುಕಟ್ಟೆಯ ಕಮಾನುಸಾಲು. ಮೇಲೆ ಇಟ್ಟಿಗೆ, ಕೆಳಗೆ ಜನರ ಕಾಲು ತಾಗಿ ತಾಗಿ ಸವೆದ ಕಲ್ಲು. ಎಲ್ಲರೂ ಸ್ಟೂಲು ಬಿಡಿಸಿ ಕೂತು ಕತ್ತೆತ್ತಿದರು. ಅಕ್ಕ ಮಾತ್ರ ಕೂರಲಿಲ್ಲ. ಕಂಬದ ಹತ್ತಿರ ಹೋಗಿ ಅಂಗೈಯಿಂದ ಅದನ್ನು ಸವರಿದಳು, ಮೂಸಿ ನೋಡಿದಳು, ಆಮೇಲೆ ಮೆಲ್ಲಗೆ ಮೇಡಂ ಕಡೆ ತಿರುಗಿ "ಬೆನ್ನು ನೆಟ್ಟಗೆ ಮಾಡಿ ನಿಂತ್ಕೊ. ಗೂನು ಬಂದ್ರೆ ಯಾರು ಮದುವೆ ಆಗ್ತಾರೆ?" ಎಂದು ಗದರಿದಳು. ಗುಂಪು ಗೊಳ್ಳೆಂದು ನಕ್ಕಿತು. ಮೇಡಂ ನಗುತ್ತಲೇ ಬೆನ್ನು ನೆಟ್ಟಗೆ ಮಾಡಿಕೊಂಡಳು. ತಂಗಿಗೂ ನಗು ಬಂತು. ಪರವಾಗಿಲ್ಲ, ಅಣ್ಣ ಹೇಳಿದ್ದರಲ್ಲೂ ಏನೋ ಇದೆ ಎಂದು ಒಂದು ಕ್ಷಣ ಅನ್ನಿಸಿತು.

ಆ ಸುಖ ಬಹಳ ಹೊತ್ತು ಉಳಿಯಲಿಲ್ಲ. ಹಳೆಯ ನ್ಯಾಯಾಲಯದ ಮುಂದೆ ವ್ಯಾನಿಳಿದು ಬೀದಿ ದಾಟುವಾಗ ತಂಗಿ ಅಕ್ಕನ ಕೈಚೀಲವನ್ನು ತಾನು ಹಿಡಿದುಕೊಂಡಳು. ಅಕ್ಕ ಬೀದಿಯ ನಟ್ಟನಡುವೆ ನಿಂತಳು. ತಂಗಿಯ ಮುಖವನ್ನೇ ದಿಟ್ಟಿಸಿದಳು. "ಕಳ್ಳಿ. ನನ್ನ ಚೀಲ ಕೊಡು." ತಂಗಿ "ಅಕ್ಕಾ, ನಾನು ಪುಟ್ಟಿ" ಎನ್ನುವಷ್ಟರಲ್ಲಿ ಕೆನ್ನೆಗೆ ಬಿತ್ತು ಏಟು. ಇಳಿವಯಸ್ಸಿನ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಕಾರುಗಳು ಹಾರನ್ನು ಹೊಡೆಯುತ್ತಿದ್ದವು, ಗುಂಪೆಲ್ಲ ಆಚೆ ದಡದಲ್ಲಿ ಸ್ಟೂಲು ಹಿಡಿದು ನೋಡುತ್ತಿತ್ತು.

ಗುಂಪಿನಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದರು, ಕೆಲಸದಿಂದ ನಿವೃತ್ತರಾದ ಸಜ್ಜನ. ಅವರೇ ಬಂದು ಅಕ್ಕನ ತೋಳು ಹಿಡಿದು ದಾಟಿಸಿದರು. "ಪಾಪ, ಅವರಿಗೆ ಗೊತ್ತಾಗಲ್ಲ" ಎಂದರು ತಂಗಿಗೆ. ಹಿಂದಿನಿಂದ ಇನ್ನೊಬ್ಬರು, "ಪಾಪ, ಎಷ್ಟು ಕಷ್ಟ ಅವರಿಗೆ." ಮೆಲ್ಲಗೆ ಮೇಡಂ ಕೂಡ, "ಪಾಪ." ಕೆನ್ನೆ ಉರಿಯುತ್ತಿದ್ದದ್ದು ತಂಗಿಯದು, ಆದರೆ ಲೋಕದ ಪಾಪವೆಲ್ಲ ಅಕ್ಕನ ಪಾಲಿಗೆ. ಇದು ಇವತ್ತಿನದಲ್ಲ. ನೆಂಟರು, ನೆರೆಯವರು, ಔಷಧಿ ಅಂಗಡಿಯವರು, ಯಾರೇ ಆಗಲಿ ಅಕ್ಕನನ್ನು ನೋಡಿ ಲೊಚಗುಟ್ಟುತ್ತಾರೆ, ತಂಗಿಯನ್ನು ನೋಡಿ "ನೀವಿದೀರಲ್ಲ, ಅದೇ ಪುಣ್ಯ" ಎನ್ನುತ್ತಾರೆ. ಆ ಪುಣ್ಯವನ್ನು ಹೊತ್ತು ಹೊತ್ತು ತಂಗಿಯ ಹೆಗಲು ಬಿದ್ದುಹೋಗಿತ್ತು. ನ್ಯಾಯಾಲಯದ ಮುಂದೆ ಸ್ಟೂಲಿನ ಮೇಲೆ ಕೂತು ಮೇಡಂ ಹೇಳಿದ್ದರಲ್ಲಿ ಒಂದಕ್ಷರವೂ ಅವಳ ತಲೆಗೆ ಹೋಗಲಿಲ್ಲ.

ಮೂರನೆಯದು ನೀರುಮನೆ. ಹಿಂದೆ ಇಡೀ ಊರಿಗೆ ನೀರು ಕೂಡಿಡುತ್ತಿದ್ದ ನೆಲದಡಿಯ ದೊಡ್ಡ ತೊಟ್ಟಿ, ಈಗ ಬರಿದು. ಕೆಸರು ತೆಗೆಯುವ ಗಾಡಿ ಇಳಿಯಲೆಂದು ಮಾಡಿದ್ದ ಇಳಿಜಾರು ಇದ್ದದ್ದರಿಂದ ಅದು ಮೇಡಂ ದಾರಿಯಲ್ಲಿ ಸೇರಿತ್ತು. ಬಾಗಿಲಲ್ಲಿ ಕಾವಲಿನವನು ಬೀಗದಕೈ ಗೊಂಚಲು ಆಡಿಸುತ್ತ ನಿಂತಿದ್ದ. ಒಳಗೆ ಸಾಲು ಸಾಲು ದಪ್ಪ ಕಂಬಗಳು, ಒಂದೊಂದರ ಹಿಂದೆ ಇಬ್ಬರು ಅಡಗಿ ನಿಲ್ಲಬಹುದು. ಗೋಡೆಯ ಮೇಲೆ ನೀರು ನಿಲ್ಲುತ್ತಿದ್ದ ಮಟ್ಟದ ಕಪ್ಪು ಗೆರೆ ತಲೆಗಿಂತ ಮೇಲಿತ್ತು. ನೆಲ ಇನ್ನೂ ಒದ್ದೆ, ಗಾಳಿ ತಣ್ಣಗೆ. ಅಕ್ಕ ಒಂದು ಕಂಬವನ್ನು ಹಿಡಿದವಳು ಬಿಡಲೇ ಇಲ್ಲ. ತಂಗಿ ಬಲವಂತವಾಗಿ ಸ್ಟೂಲಿನ ಮೇಲೆ ಕೂರಿಸಿದಾಗಲೂ ಒಂದು ಕೈ ಕಂಬದ ಮೇಲೇ ಇತ್ತು.

ಹೊರಡುವ ಹೊತ್ತಾಯಿತು. ಮೇಡಂ ಕೋಲೂರುವ ಇಬ್ಬರನ್ನು ಹಿಡಿದುಕೊಂಡು "ಮೆಲ್ಲಗೆ, ಮೆಲ್ಲಗೆ" ಎನ್ನುತ್ತ ಏರಿದಳು. ತಂಗಿಗೆ ಇಳಿಜಾರು ನೋಡಿಯೇ ಸಾಕಾಯಿತು. ಇಳಿಯುವುದೇನೋ ಸುಲಭ. ಏರುವಾಗ ಅಕ್ಕನನ್ನು ಎರಡೂ ಕೈಯಿಂದ ತಳ್ಳಬೇಕು. ಎರಡು ಸ್ಟೂಲು ಹಿಡಿದುಕೊಂಡು ಅದು ಆಗದ ಮಾತು. ಅವಳು ಅಕ್ಕನನ್ನು ಎಬ್ಬಿಸಿ ಕಂಬಕ್ಕೆ ಒರಗಿಸಿ ನಿಲ್ಲಿಸಿದಳು.

"ಸ್ಟೂಲು ಇಟ್ಟು ಬರ್ತೀನಿ. ಇಲ್ಲೇ ಇರು, ಅಲ್ಲಾಡಬೇಡ, ಬಂದೆ."

"ಹೂಂ" ಎಂದಳು ಅಕ್ಕ.

ಇಲ್ಲಿಯವರೆಗೆ ತಂಗಿಯ ಮನಸ್ಸಿನಲ್ಲಿ ಏನೂ ಇರಲಿಲ್ಲ. ಯಾರ ಮೇಲೆ ಆಣೆ ಇಟ್ಟು ಹೇಳು ಎಂದರೂ ಹೇಳಬಹುದಾಗಿತ್ತು. ಏದುಸಿರು ಬಿಡುತ್ತ ಏರಿ ಬಂದು ಎರಡೂ ಸ್ಟೂಲುಗಳನ್ನು ಕೊಕ್ಕೆಗೆ ಹಾಕಿದಳು. ಅಷ್ಟರಲ್ಲಿ ಮೇಡಂ ಆ ಸಾಲನ್ನೊಮ್ಮೆ ನೋಡಿದಳು. ಕೊಕ್ಕೆಗಳೆಲ್ಲ ತುಂಬಿದ್ದವು. ಕಾವಲಿನವನ ಕಡೆ ಕೈಬೀಸಿದಳು. ಅವನು ಬಾಗಿಲ ಪಕ್ಕದ ಸ್ವಿಚ್ಚುಗಳನ್ನು ಪಟಪಟನೆ ಒತ್ತಿ, ಕಬ್ಬಿಣದ ಬಾಗಿಲನ್ನು ಎಳೆದು, ಬೀಗ ಹಾಕಿದ.

ತಂಗಿ ಅದನ್ನು ನೋಡಿದಳು. "ಸ್ವಲ್ಪ ಇರಿ" ಎಂಬ ಎರಡು ಮಾತು ಸಾಕಾಗಿತ್ತು. ಅವಳ ಎರಡೂ ಕೈ ಖಾಲಿಯಾಗಿದ್ದವು. ಖಾಲಿ ಕೈ ಎಷ್ಟು ಹಗುರವಾಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಹಲ್ಲಿನ ಡಾಕ್ಟರು ಮೇಲಿನಿಂದ ಕೈಚಾಚಿ "ಹತ್ತಿ, ಹತ್ತಿ" ಎಂದರು. ಅವಳು ಆ ಕೈ ಹಿಡಿದು ಹತ್ತಿದಳು.

ವ್ಯಾನು ಹೊರಟಿತು. ಸೀಟುಗಳ ಬೆನ್ನು ಎತ್ತರ, ಹಿಂದೆ ಯಾರಿದ್ದಾರೆ ಎಂದು ಮುಂದಿನವರಿಗೆ ಕಾಣುತ್ತಿರಲಿಲ್ಲ. ಡಾಕ್ಟರು ತಿರುಗಿ ಕೇಳಿದರು, "ನಿಮ್ಮಕ್ಕ ಎಲ್ಲಿ?"

"ಹಿಂದಿನ ಸೀಟಲ್ಲಿ ಒರಗಿದ್ದಾಳೆ. ಸುಸ್ತಾಗಿದೆ."

"ಪಾಪ, ಮಲಗಲಿ ಬಿಡಿ" ಎಂದರು ಡಾಕ್ಟರು.

ಆ ಸುಳ್ಳು ಎಲ್ಲಿಂದ ಬಂತು ಎಂದು ಕೇಳಬೇಡಿ, ತಂಗಿಗೇ ಗೊತ್ತಿರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂದಿತ್ತು. ಪಕ್ಕದ ಸೀಟಿನಲ್ಲಿ ಅಕ್ಕನ ಶಾಲು ಮಾತ್ರ ಇತ್ತು. ತಂಗಿ ಕಿಟಕಿಯ ಹೊರಗೆ ನೋಡಿದಳು. ಬೀದಿಗಳು, ಬಾಲ್ಕನಿಗಳು, ಒಗೆದು ಹಾಕಿದ ಬಟ್ಟೆ. ಯಾರೂ ಅವಳ ತೋಳು ಜಗ್ಗಲಿಲ್ಲ. ಯಾರೂ "ಮನೆಗೆ ಯಾವಾಗ ಹೋಗೋದು" ಎಂದು ಹತ್ತಾರು ಸಲ ಕೇಳಲಿಲ್ಲ. ನಾಳೆ ಬೆಳಗ್ಗೆ ಕಾವಲಿನವನು ಬಾಗಿಲು ತೆಗೆಯುತ್ತಾನೆ, ಪೊಲೀಸರಿಗೆ ಹೇಳುತ್ತಾರೆ, ಪೊಲೀಸರು ಅಣ್ಣನಿಗೆ ಫೋನು ಮಾಡುತ್ತಾರೆ, ಆಗ ಬರಲಿ ಮೆಟ್ಟಿಲು ಜಾಸ್ತಿ ಇರುವವನು. ಹೀಗೂ ಯೋಚಿಸಿದಳು. ನಾಳೆ ಬೆಳಗ್ಗೆಯ ತನಕ ಆ ತಣ್ಣನೆಯ ಒದ್ದೆ ಕತ್ತಲೆಯಲ್ಲಿ ಅಕ್ಕ ಉಳಿಯುತ್ತಾಳೋ ಇಲ್ಲವೋ ಎಂಬಲ್ಲಿಗೆ ಯೋಚನೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದ್ದೇ ತಡ, ನಿದ್ದೆ ಹತ್ತಿತು. ನಾಚಿಕೆಗೇಡು ಎನ್ನಿ, ಏನಾದರೂ ಎನ್ನಿ, ಆ ಹೆಂಗಸು ನಿದ್ದೆ ಹೋದಳು.

ಕೊನೆಯ ನಿಲ್ದಾಣ ನದಿಯ ಪಕ್ಕದ ಹಳೆಯ ಸುಂಕದ ಕಟ್ಟೆ. ಅದರ ಜಗಲಿಯಲ್ಲೀಗ ಒಂದು ಚಹಾ ಅಂಗಡಿ. ಕಟ್ಟಡವನ್ನು ಕೂತಲ್ಲಿಂದಲೇ ನೋಡಬಹುದಾದ್ದರಿಂದ ಸ್ಟೂಲಿನ ಅಗತ್ಯವಿರಲಿಲ್ಲ, ಕೊಕ್ಕೆಗಳನ್ನು ಯಾರೂ ಮುಟ್ಟಲಿಲ್ಲ. ಮೇಡಂ ವ್ಯಾನಿನತ್ತ ನೋಡಿ, "ಅಕ್ಕ ಇಳಿಯಲ್ವಾ?" ಎಂದಳು. "ಮಲಗಿದ್ದಾರಂತೆ" ಎಂದು ಡಾಕ್ಟರೇ ಉತ್ತರ ಕೊಟ್ಟರು. ತಂಗಿ ಇಬ್ಬರ ಮೇಜೊಂದರಲ್ಲಿ ಒಬ್ಬಳೇ ಕೂತಳು. ಚಹಾ ಬಂತು. ಕುಡಿದಳು. ಮೊದಲ ಗುಟುಕಿನಿಂದ ಕೊನೆಯ ಗುಟುಕಿನವರೆಗೆ ಬಿಸಿಯಾಗಿತ್ತು. ಎಷ್ಟು ಚೆನ್ನಾಗಿತ್ತು ಎಂದರೆ ಕಣ್ಣಲ್ಲಿ ನೀರು ಬಂತು.

ಅಂಗಡಿಯವಳು ಇನ್ನೊಂದು ಲೋಟವನ್ನು ತಟ್ಟೆಯ ಮೇಲೆ ತಂದಿಟ್ಟಳು. "ಜೊತೇಲಿದ್ದೋರಿಗೆ. ಎಲ್ಲರಿಗೂ ಅಂತ ಹೇಳಿದ್ರು."

ತಂಗಿ ಸುಮ್ಮನೆ ತಲೆಯಾಡಿಸಿದಳು. ನದಿಯನ್ನು ನೋಡುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಚಹಾವನ್ನು ತಟ್ಟೆಗೆ ಬಗ್ಗಿಸಿ, ತಟ್ಟೆಯನ್ನು ಬಾಯಿಯ ಹತ್ತಿರ ಹಿಡಿದು, ಅವಳು ಊದುತ್ತಿದ್ದಳು. ಅಕ್ಕನಿಗೆ ಬಿಸಿ ತಿಳಿಯುವುದಿಲ್ಲ, ನಾಲಿಗೆ ಸುಟ್ಟುಕೊಳ್ಳುತ್ತಾಳೆ, ಆದ್ದರಿಂದ ದಿನವೂ ಹೀಗೆ ಆರಿಸಿ ಕೊಡುವುದು. ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ತಂಗಿ ಆ ತಟ್ಟೆಯನ್ನು ಯಾರ ಕಡೆಗೂ ಚಾಚಲಾಗದೆ ಹಾಗೇ ಹಿಡಿದುಕೊಂಡಳು. ತಟ್ಟೆ ವಾಲಿ ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು.

ಎದ್ದು ನಿಂತಳು. "ನಮ್ಮಕ್ಕ ನೀರುಮನೇಲಿದ್ದಾಳೆ" ಎಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ, ಗಂಟಲು ಹರಿಯುವ ಹಾಗೆ ಹೇಳಿದಳು.

ಮೆಲ್ಲಗೆ ಮೇಡಂ ವ್ಯಾನಿಗೆ ಓಡಿಹೋಗಿ ಹಿಂದಿನ ಸೀಟು ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಕೊಕ್ಕೆ ಎಲ್ಲ ತುಂಬಿತ್ತಲ್ಲ" ಎಂದು ಅದೊಂದನ್ನೇ ಹೇಳುತ್ತಿದ್ದಳು. ಉಳಿದವರನ್ನು ಚಹಾ ಅಂಗಡಿಯಲ್ಲೇ ಕೂರಿಸಿ ಮೇಡಂ, ತಂಗಿ, ಡಾಕ್ಟರು ಹೊರಟರು. ಸಂಜೆಯ ವಾಹನಗಳ ದಟ್ಟಣೆ. ಡ್ರೈವರು ಹಾರನ್ನು ಒತ್ತಿದ ಕೈ ತೆಗೆಯಲಿಲ್ಲ, ಆದರೂ ವ್ಯಾನು ತೆವಳುತ್ತಿತ್ತು. ಮೇಡಂ ಕಾವಲಿನವನಿಗೆ ಫೋನು ಹಚ್ಚುತ್ತಲೇ ಇದ್ದಳು. ಅವನು ಎತ್ತಲಿಲ್ಲ. ದಾರಿಯುದ್ದಕ್ಕೂ ಡಾಕ್ಟರು ತಂಗಿಯ ಕಡೆ ನೋಡಲಿಲ್ಲ.

ನೀರುಮನೆಯ ಬಾಗಿಲಿಗೆ ಬೀಗ ನೇತಾಡುತ್ತಿತ್ತು. ತಂಗಿ ಎರಡೂ ಅಂಗೈಯಿಂದ ಬಾಗಿಲು ಬಡಿದಳು. "ಅಕ್ಕಾ." ಒಳಗಿನಿಂದ ಸದ್ದಿಲ್ಲ. ಬಾಗಿಲಿಗೆ ಕಿವಿಯಿಟ್ಟಳು. ಎಲ್ಲೋ ನೀರು ತೊಟ್ಟಿಕ್ಕುವುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಮತ್ತೆ ಬಡಿದಳು, ಅಂಗೈ ಕೆಂಪಾಗುವವರೆಗೆ ಬಡಿದಳು. ಡ್ರೈವರು ಕಾವಲಿನವನ ಮನೆ ಹುಡುಕಿಕೊಂಡು ಹೋಗಿದ್ದ. ಮೇಡಂ ಗೋಡೆಗೆ ಒರಗಿ ಅಳುತ್ತಿದ್ದಳು. ಬದುಕಿದ್ದರೆ ಸಾಕು, ಇನ್ನು ಒಂದು ಮಾತೂ ಆಡುವುದಿಲ್ಲ, ದಿನಕ್ಕೊಂದು ಏಟು ಹೊಡೆದರೂ ತಿನ್ನುತ್ತೇನೆ ಎಂದು ತಂಗಿ ಯಾರಿಗೋ ಹೇಳಿಕೊಂಡಳು. ಯಾರಿಗೆ ಎಂದು ಅವಳಿಗೂ ತಿಳಿಯದು.

ಬೆಳಕು ಪೂರ್ತಿ ಇಳಿಯುವ ಹೊತ್ತಿಗೆ ಕಾವಲಿನವನು ಬಂದ. "ಎಲ್ಲ ಬಂದ್ರು ಅಂತ ಕೈಬೀಸಿದ್ದು ಅವರೇ, ಈಗ ನನ್ನ ಮೇಲೆ ಹಾಕಬೇಡಿ" ಎಂದು ಗೊಣಗುತ್ತ ಬೀಗ ತೆಗೆದ. ಒಳಗಿನ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಅವನು ಸ್ವಿಚ್ಚು ಒತ್ತಿದಂತೆ ದೀಪಗಳು ಒಂದೊಂದು ಸಾಲಾಗಿ ಹತ್ತಿಕೊಂಡವು. ತಂಗಿ ಇಳಿಜಾರಿನಲ್ಲಿ ಓಡಿದಳು. ಜಾರಿ ಬಿದ್ದು, ಮೊಣಕೈ ತರಚಿಕೊಂಡು, ಎದ್ದು ಮತ್ತೆ ಓಡಿದಳು.

ಅಕ್ಕ ಇಟ್ಟಲ್ಲೇ ಇದ್ದಳು. ಅದೇ ಕಂಬ, ಅದರ ಮೇಲೆ ಅದೇ ಅಂಗೈ. ಕೂತಿರಲಿಲ್ಲ. ಕೂರಲು ಸ್ಟೂಲಿರಲಿಲ್ಲ. ಒದ್ದೆ ನೆಲದ ಮೇಲೆ ಕೂತರೆ ಆ ಮಂಡಿಗಳಿಗೆ ಏಳಲಾಗುವುದಿಲ್ಲ, ಅದು ಅವಳಿಗೆ ನೆನಪಿತ್ತೋ, ಮಂಡಿಗಳಿಗೇ ನೆನಪಿತ್ತೋ. ಅಷ್ಟು ಹೊತ್ತೂ ನಿಂತೇ ಇದ್ದಳು. ಕಾಲುಗಳು ಬಾತುಕೊಂಡು ಥರಥರ ನಡುಗುತ್ತಿದ್ದವು, ಬಟ್ಟೆ ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು. ತುಟಿ ನೀಲಿಗಟ್ಟಿತ್ತು.

"ಅಕ್ಕಾ, ಬಾಗಿಲು ಬಡಿದೆ, ಕೂಗಿದೆ, ಯಾಕೆ ಓ ಅನ್ನಲಿಲ್ಲ?"

ಅಕ್ಕ ಅವಳನ್ನೇ ನೋಡಿದಳು. ಹಲ್ಲು ಕಟಕಟಿಸುತ್ತಿದ್ದದ್ದರಿಂದ ಮಾತು ತುಂಡು ತುಂಡಾಗಿ ಬಂತು. "ಸ್ಟೂಲು ತಂದ್ಯಾ?"

ಡಾಕ್ಟರು, ಡ್ರೈವರು ಸೇರಿ ಅವಳನ್ನು ಎತ್ತಿಕೊಂಡರು. ಕಂಬದಿಂದ ಬೆರಳು ಬಿಡಿಸಲು ತಂಗಿ ಒಂದೊಂದನ್ನೇ ಎತ್ತಬೇಕಾಯಿತು.

ಆಸ್ಪತ್ರೆಯವರು ನೋಡಿದರು, ಬೆಚ್ಚಗೆ ಮಾಡಿದರು. ಎದೆಯಲ್ಲಿ ಸ್ವಲ್ಪ ಕಫ ಕಟ್ಟಿದೆ, ಈ ವಯಸ್ಸಿಗೆ ಏನನ್ನೂ ಹೇಳಲಾಗದು, ರಾತ್ರಿ ಇಲ್ಲೇ ಇರಲಿ ಎಂದರು. ಹೊರಗಿನ ಬೆಂಚಿನ ಮೇಲೆ ಮೆಲ್ಲಗೆ ಮೇಡಂ ಕೂತಿದ್ದಳು. ಪ್ರವಾಸದ ಕಂಪನಿಯಿಂದ ಆಗಲೇ ಫೋನು ಬಂದಿತ್ತು, ನಾಳೆಯಿಂದ ಬರಬೇಡ ಎಂದಿದ್ದರು. ತಂಗಿಯನ್ನು ಕಂಡೊಡನೆ ಎದ್ದು ಕೈಮುಗಿದಳು. "ನನ್ನ ತಪ್ಪು. ಮುಖ ನೋಡದೆ ಸ್ಟೂಲು ನೋಡಿದೆ. ನನ್ನನ್ನ ಕ್ಷಮಿಸಬೇಡಿ."

"ನಿಮ್ಮ ತಪ್ಪಲ್ಲ" ಎಂದಳು ತಂಗಿ. "ನನಗೆ ಗೊತ್ತಿತ್ತು. ಬೀಗ ಹಾಕಿದ್ದನ್ನ ಕಣ್ಣಾರೆ ನೋಡಿದೆ. ನೋಡೇ ವ್ಯಾನ್ ಹತ್ತಿದೆ. ಕಂಪನಿಯವರಿಗೆ ಹಾಗೇ ಹೇಳಿ, ಬೇಕಾದ್ರೆ ಬರೆದುಕೊಡ್ತೀನಿ."

ಮೇಡಂ ಅವಳ ಕೈ ಹಿಡಿದುಕೊಂಡಳು. "ನನ್ನ ಕೆಲಸ ಉಳಿಸೋಕೆ ಅಂತ ಇಷ್ಟು ದೊಡ್ಡ ಮಾತು ಮೈಮೇಲೆ ಹಾಕ್ಕೋತೀರಲ್ಲ. ಬೇಡ ಅಮ್ಮ. ಒಡಹುಟ್ಟಿದೋರು ಯಾರಾದ್ರೂ ಹಾಗೆ ಮಾಡ್ತಾರಾ?"

"ಮಾಡ್ತಾರೆ. ಡಾಕ್ಟರನ್ನ ಕೇಳಿ. ಅವರಿಗೆ ಸುಳ್ಳು ಹೇಳಿದೆ."

ಡಾಕ್ಟರು ಗೋಡೆಯ ಪಕ್ಕದಲ್ಲಿ ನಿಂತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು, ಅದು ಅವರ ಮುಖದಲ್ಲೇ ಇತ್ತು. ತಮ್ಮ ಬೂಟುಗಳನ್ನು ಬಹಳ ಹೊತ್ತು ನೋಡಿಕೊಂಡರು. "ವ್ಯಾನಿನ ಗದ್ದಲದಲ್ಲಿ ನನಗೆ ಏನೂ ಸರಿಯಾಗಿ ಕೇಳಿಸಿರಲಿಲ್ಲ" ಎಂದರು. "ನಿಮಗೂ ತಲೆ ಕೆಟ್ಟಿದೆ ಈಗ. ಒಳಗೆ ಹೋಗಿ, ಅಕ್ಕನ ಹತ್ತಿರ ಕೂತ್ಕೊಳ್ಳಿ."

ಸಜ್ಜನರು ಹೀಗೆಯೇ ಕೊಲ್ಲುವುದು. ಒಬ್ಬರು ಬೈದಿದ್ದರೂ ಸಾಕಾಗಿತ್ತು. ತಂಗಿ ಒಳಗೆ ಹೋದಳು.

ನರ್ಸು ಒಂದು ಬೋಗುಣಿಯಲ್ಲಿ ಬಿಸಿನೀರು ಕೊಟ್ಟಿದ್ದಳು. ತಂಗಿ ಮಂಚದ ಕಾಲ್ದೆಸೆಯಲ್ಲಿ ಕೂತು ಅಕ್ಕನ ಪಾದಗಳನ್ನು ಒರೆಸತೊಡಗಿದಳು. ಬೆರಳ ಸಂದಿಯಲ್ಲೆಲ್ಲ ನೀರುಮನೆಯ ಕೆಸರು ಕೂತಿತ್ತು. ಅಕ್ಕ ಕಣ್ಣು ತೆರೆದು ನೋಡಿದಳು. ಆ ನೋಟದಲ್ಲಿ ಪರಿಚಯವಿರಲಿಲ್ಲ.

"ನೀನು ಆಸ್ಪತ್ರೆಯವಳಾ?"

ತಂಗಿ "ಹೂಂ" ಎಂದಳು.

"ನನ್ನನ್ನ ಕರ್ಕೊಂಡು ಬಂದದ್ದು ನೀನೇನಾ? ಅಲ್ಲಿ ಕತ್ತಲಿತ್ತು."

"ಹೆದರಿಕೆ ಆಯ್ತಾ?"

"ಮೊದಲು ಆಗಲಿಲ್ಲ. ನನ್ನ ತಂಗಿ ಬರ್ತೀನಿ ಅಂದಿದ್ದಳು." ಅಕ್ಕ ಉಸಿರು ಎಳೆದುಕೊಂಡಳು, ಎದೆಯಲ್ಲಿ ಗೊರಗೊರ ಸದ್ದಾಯಿತು. "ಆಮೇಲೆ ಗೊತ್ತಾಯ್ತು, ಅವಳು ಬರಲ್ಲ ಅಂತ. ಪಾಪ, ಅವಳಿಗೂ ಸಾಕಾಗಿದೆ."

ತಂಗಿಯ ಕೈ ನಿಂತಿತು. ಬಟ್ಟೆಯಿಂದ ನೀರು ಬೋಗುಣಿಗೆ ಇಳಿಯುತ್ತಿತ್ತು.

"ಅದಕ್ಕೇ ಯಾರೋ ಬಾಗಿಲು ಬಡಿದಾಗ ನಾನು ಓ ಅನ್ನಲಿಲ್ಲ" ಎಂದಳು ಅಕ್ಕ, ಗುಟ್ಟು ಹೇಳುವಂತೆ ದನಿ ತಗ್ಗಿಸಿ. "ಕಂಡು ಹಿಡಿದ್ರೆ ಮತ್ತೆ ಅವಳ ಕೈಗೇ ಕೊಡ್ತಾರೆ. ಸಣ್ಣವಳು ಅವಳು. ಎಷ್ಟು ಅಂತ ಮಾಡ್ತಾಳೆ?"

ತಂಗಿ ಬಟ್ಟೆ ಹಿಂಡಿ ಇನ್ನೊಂದು ಪಾದ ಹಿಡಿದುಕೊಂಡಳು.

"ಅವಳು ಬಂದ್ರೆ, ನಾನು ಅಷ್ಟು ಹೊತ್ತು ನಿಂತಿದ್ದೆ ಅಂತ ಹೇಳಬೇಡ. ಮನಸ್ಸಿಗೆ ಹಚ್ಕೋತಾಳೆ. ಕೂತಿದ್ದರು ಅಂತ ಹೇಳು."

"ಆಯ್ತು" ಎಂದಳು ತಂಗಿ. "ಕೂತಿದ್ದರು ಅಂತ ಹೇಳ್ತೀನಿ."

ಅಕ್ಕನಿಗೆ ಸಮಾಧಾನವಾಯಿತು, ಕಣ್ಣು ಮುಚ್ಚಿಕೊಂಡಳು. ಬೋಗುಣಿಯ ನೀರು ಆರಿತ್ತು. ತಂಗಿ ಬೇರೆ ಬಿಸಿನೀರು ತರಲು ಎದ್ದು ಬಾಗಿಲವರೆಗೆ ಹೋದಳು. "ಇಲ್ಲೇ ಇರು, ಬಂದೆ" ಎಂದು ಅಭ್ಯಾಸಬಲದಿಂದ ಬಾಯಿಗೆ ಬಂತು. ಅದನ್ನು ಹೇಳಲಾಗಲಿಲ್ಲ. ವಾಪಸು ಬಂದು ಮಂಚದ ಪಕ್ಕ ಕೂತು, ಆರಿದ ನೀರಿನಲ್ಲೇ ಉಳಿದ ಕೆಸರು ತೊಳೆದಳು.